ಇಳಿಯುವವರು ಮೊದಲು ವೇಗ ತಗ್ಗಿಸಲಿ

ಕಾರಿನವರು ಸೈಕಲ್ ಸವಾರರಿಗೆ ದಾರಿ ಬಿಡುವುದಿಲ್ಲ ಎಂದು ಲೇಖನವೊಂದರಲ್ಲಿ ಓದಿದೆ. ಆ ಮಾತು ಪೂರ್ತಿ ನಿಜ. ಆದರೆ ನಾವು ಸವಾರರೇ ಒಬ್ಬರಿಗೊಬ್ಬರು ಎಷ್ಟು ದಾರಿ ಬಿಡುತ್ತಿದ್ದೇವೆ? ಭಾನುವಾರ ಬೆಳಗ್ಗೆ ನಂದಿಬೆಟ್ಟದ ರಸ್ತೆಯನ್ನು ನೋಡಿ. ಏರುವವರು ಏದುಸಿರು ಬಿಡುತ್ತಾ ಕಡಿದಾದ ತಿರುವಿನಲ್ಲಿ ಓಲಾಡುತ್ತಿರುತ್ತಾರೆ. ಇಳಿಯುವವರು ಅದೇ ತಿರುವಿನಲ್ಲಿ ರಸ್ತೆಯ ಅಗಲವನ್ನೆಲ್ಲ ಬಳಸಿಕೊಂಡು ಅವರ ಎದುರಿಗೇ ಬರುತ್ತಾರೆ. ವೇಗ ತಗ್ಗಿಸಬೇಕಾದವರು ಇಳಿಯುವವರು. ಏರುವವರು ಒಮ್ಮೆ ಕಾಲೂರಿದರೆ ಆ ಏರಿನಲ್ಲಿ ಮತ್ತೆ ಪೆಡಲ್ ತುಳಿದು ಹೊರಡುವುದು ಬಹಳ ಕಷ್ಟ.

ಗುಂಪಿನಲ್ಲಿ ಹೋಗುವಾಗ ಹಿಂದಿರುವವರಿಗೆ ರಸ್ತೆ ಸರಿಯಾಗಿ ಕಾಣುವುದಿಲ್ಲ. ಚಕ್ರಕ್ಕೆ ಚಕ್ರ ತಗುಲಿದರೆ ಬೀಳುವವರೂ ಸಾಮಾನ್ಯವಾಗಿ ಅವರೇ. ಹಾಗಾಗಿ ಗುಂಡಿ ಕಂಡ ಕೂಡಲೇ ಮುಂದಿನವರು ಕೈ ತೋರಿಸಬೇಕು, ಸುಳಿವು ಕೊಡದೆ ಬ್ರೇಕ್ ಹಿಡಿಯಬಾರದು.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದಕ್ಕೆ. ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವ ಹಳ್ಳಿಯ ಹಿರಿಯರನ್ನು ದುಬಾರಿ ಸೈಕಲ್ಲಿನವರು ಸದ್ದಿಲ್ಲದೆ ಎಡಗಡೆಯಿಂದ ನುಗ್ಗಿ ಹಿಂದಿಕ್ಕುತ್ತಾರೆ. ಭಾರ ಹೊತ್ತ ಸೈಕಲ್ ತಟ್ಟನೆ ಸರಿಯಲಾರದು, ನಿಲ್ಲಲಾರದು. ಬೆಲ್ ಇಲ್ಲದಿದ್ದರೆ ‘ಯಜಮಾನರೇ, ಬಲಗಡೆಯಿಂದ ಬರುತ್ತಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿ. ಆ ರಸ್ತೆಯಲ್ಲಿ ನಮಗಿಂತ ಎಷ್ಟೋ ವರ್ಷ ಮೊದಲಿನಿಂದ ಸೈಕಲ್ ತುಳಿಯುತ್ತಿರುವವರು ಅವರು.