ದರಿಯಾ ದೌಲತ್ ಗೋಡೆಯಲ್ಲಿ ನೆರಳು ಹುಡುಕಬೇಡಿ

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರ ನೋಡಿದವರು ಅದೇ ಕಣ್ಣಲ್ಲಿ ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಬರುತ್ತಾರೆ. ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ಚಿತ್ರವಿರುವ ಗೋಡೆ ಮುಂದೆ ಎರಡು ನಿಮಿಷ ನಿಂತು, "ಎಲ್ಲಾ ಚಪ್ಪಟೆಯಾಗಿದೆ, ನೆರಳೇ ಇಲ್ಲ" ಅಂತ ತೋಟದ ಕಡೆ ಹೊರಟುಬಿಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ದೀಪದ ಚಿತ್ರ (ರವಿವರ್ಮನದಲ್ಲ, ಎಸ್.ಎಲ್. ಹಲ್ದಂಕರ್ ಅವರದು, ಅದೂ ಜಲವರ್ಣ) ಒಂದೇ ಬೆಳಕಿನ ಮೇಲೆ ನಿಂತಿದೆ. ದೀಪಕ್ಕೆ ಅಡ್ಡ ಹಿಡಿದ ಅಂಗೈ, ಬೆರಳ ಸಂದಿನ ಕೆಂಪು, ಅಲ್ಲಿಂದ ಮುಖ, ಆಮೇಲೆ ಕತ್ತಲೆ. ಎಲ್ಲಿ ನೋಡಬೇಕು ಅನ್ನುವುದನ್ನು ಬೆಳಕೇ ಹೇಳಿಕೊಡುತ್ತದೆ. ಪೊಲ್ಲಿಲೂರಿನ ಗೋಡೆಯಲ್ಲಿ ಆ ಕೆಲಸ ಮಾಡುವುದು ಬಣ್ಣ ಮತ್ತು ಸಾಲು. ಇಡೀ ದಿನದ ಯುದ್ಧ ಒಂದೇ ಗೋಡೆಯ ಮೇಲಿದೆ. ಒಂದು ಮೂಲೆಗೆ ಬೆಳಕು ಕೊಟ್ಟು ಇನ್ನೊಂದನ್ನು ಕತ್ತಲಲ್ಲಿಟ್ಟರೆ ಕಥೆಯೇ ಕೆಡುತ್ತದೆ.

ಹತ್ತಿರ ಹೋಗಿ ಶುರು ಮಾಡಿದರೆ ಕುದುರೆ ಕಾಲುಗಳಲ್ಲೇ ಕಳೆದುಹೋಗುತ್ತೀರಿ. ಮೊದಲು ತೇಗದ ಕಂಬಗಳವರೆಗೆ ಹಿಂದೆ ಸರಿಯಿರಿ. ಕೆಂಪು ಅಂಗಿಗಳ ಒಂದು ಚೌಕ ಕಾಣುತ್ತದೆ, ಅದು ಇಂಗ್ಲಿಷರ ವ್ಯೂಹ. ಈಗ ಹತ್ತಿರ ಬಂದು ಅದರೊಳಗಿನ ಪಲ್ಲಕ್ಕಿ ಹುಡುಕಿ. ಇಂಗ್ಲಿಷರ ಸೇನಾನಾಯಕ, ಗಾಯಗೊಂಡ ಕರ್ನಲ್ ಬೈಲಿ ಬೆರಳು ಬಾಯಿಗಿಟ್ಟುಕೊಂಡು ಕೂತಿದ್ದಾನೆ. ಪಕ್ಕದಲ್ಲಿ ಮದ್ದಿನ ಗಾಡಿ ಸಿಡಿಯುತ್ತಿದೆ. ನಿಜವಾದ ಯುದ್ಧದಲ್ಲೂ ಇಂಗ್ಲಿಷರಿಗೆ ದೊಡ್ಡ ಹೊಡೆತ ಬಿದ್ದದ್ದು ಆ ಸ್ಫೋಟದಿಂದಲೇ. ಸುತ್ತಲಿನ ಸವಾರರೆಲ್ಲ ಆ ಚೌಕದತ್ತ ನುಗ್ಗುತ್ತಿದ್ದಾರೆ, ನಿಮ್ಮ ಕಣ್ಣೂ ಅವರ ಜೊತೆಗೇ ಒಳಗೆ ಹೋಗುತ್ತದೆ. ಮೈಸೂರಿನ ಕಡೆಯಿದ್ದ ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದಿದ್ದಾನೆ. ಟಿಪ್ಪು ಮಾತ್ರ ಗುಲಾಬಿ ಮೂಸುತ್ತಿದ್ದಾನೆ! ಬಾಯಿಗೆ ಹೋದ ಆ ಬೆರಳು, ಮೂಗಿನ ಬಳಿಯ ಈ ಹೂವು, ಇವೆರಡನ್ನು ಜೊತೆಗಿಟ್ಟು ನೋಡಿ. ಮುಖದ ಮೇಲೆ ನೆರಳು ಬೆಳಕು ಆಡಿಸದೆಯೇ ಯಾರು ಸೋತರು, ಯಾರು ಗೆದ್ದರು ಅಂತ ಬರೆದುಬಿಟ್ಟಿದ್ದಾರೆ.

ಆದರೆ ಇದನ್ನು ಯುದ್ಧದ ವರದಿ ಅಂದುಕೊಳ್ಳಬೇಡಿ. ಕಾಂಚೀಪುರದ ಹತ್ತಿರ ಯುದ್ಧ ನಡೆದದ್ದು 1780ರ ಸೆಪ್ಟೆಂಬರ್ 10ರಂದು. ಅರಮನೆ ಕಟ್ಟಿದ್ದು 1784ರಲ್ಲಿ, ಗೋಡೆ ಬರೆಸಿದವರು ಗೆದ್ದವರು. ಚಿತ್ರದಲ್ಲಿ ಹೈದರಾಬಾದಿನ ನಿಜಾಮನ ಬಳಿ ಹಸು, ಹಂದಿ ಇವೆ; ಹಂದಿಯ ಹಾಗೆ ಬಂದು ಹಸುವಿನ ಹಾಗೆ ಓಡಿದ ಅನ್ನುವ ಅಣಕ ಅದು ಅಂತ ಹೇಳುತ್ತಾರೆ. ಬೈಲಿಯ ಸೇನೆಯಲ್ಲಿ ಹೆಚ್ಚಿನವರು ಭಾರತೀಯ ಸಿಪಾಯಿಗಳೇ. ಕೆಂಪು ಸಾಲಿನಲ್ಲಿ ಅವರಿಗೆ ಎಷ್ಟು ಜಾಗ ಸಿಕ್ಕಿದೆ, ಒಂದೊಂದೇ ಮುಖ ನೋಡಿ. ಇನ್ನೊಂದು ವಿಷಯ: ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಇಲ್ಲಿ ವಾಸವಿದ್ದಾಗಲೂ, ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲೂ ಇದಕ್ಕೆ ಮತ್ತೆ ಬಣ್ಣ ಹಾಕಿಸಿದ್ದಾರೆ. ಹಾಗಾಗಿ ವಿನ್ಯಾಸದ ಬಗ್ಗೆ ಧೈರ್ಯವಾಗಿ ಮಾತಾಡಿ. ಇಂಥ ಕುಂಚದ ಗೆರೆ 1784ರದ್ದೇ ಅಂತ ಮಾತ್ರ ಹೇಳಬೇಡಿ.

ಬೈಲಿ 1782ರಲ್ಲಿ ಇದೇ ಪಟ್ಟಣದಲ್ಲಿ ಸೆರೆಯಾಳಾಗಿ ಸತ್ತ. ಅವನ ಸ್ಮಾರಕ ಹೈದರ್, ಟಿಪ್ಪು ಸಮಾಧಿಯಾದ ಗುಂಬಜ್ ಬಳಿಯೇ ಇದೆ. ಗೋಡೆ ನೋಡಿದ ದಿನವೇ ಅಲ್ಲಿಗೂ ಹೋಗಿ ಬನ್ನಿ.