ರಾಶಿಯ ದರಕ್ಕೆ ಹೊಸ ವೇಷ

ನಮ್ಮ ಶಿರಸಿ ಕಡೆಯ ಅಡಿಕೆ ಸಹಕಾರಿ ಸಂಘವೊಂದರ ಜಾಲತಾಣಕ್ಕೆ ವಯಸ್ಸಾಯಿತಂತೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಒಂದು ಕೋಷ್ಟಕ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ಬಗೆಗಳು, ಎದುರಿಗೆ ಕನಿಷ್ಠ, ಗರಿಷ್ಠ ದರ. ಮೇಲೊಂದು ‘ಹೊಸತು’ ಎಂಬ ಕೆಂಪು ಪಟ್ಟಿ ವರ್ಷಗಳಿಂದ ಮಿನುಗುತ್ತಲೇ ಇದೆ. ‘ಭಾವ, ಇದನ್ನು ಪೂರ್ತಿ ಬದಲಿಸಿಬಿಡೋಣ’ ಎಂದು ಆಡಳಿತ ಮಂಡಳಿಯಲ್ಲಿರುವ ನೆಂಟರೊಬ್ಬರು ಮಾದರಿ ತೋರಿಸಿದರು. ತೆರೆದ ಕೂಡಲೇ ಪರದೆಯ ತುಂಬ ನಗುವ ರೈತ, ಕೈಯಲ್ಲಿ ಗೋಧಿಯ ತೆನೆ! ದರ ಎಲ್ಲಿ ಎಂದರೆ ಮೂಲೆಯ ಮೂರು ಗೆರೆ ಒತ್ತಿ, ‘ಸೇವೆಗಳು’ ಒತ್ತಿ, ‘ಮಾರುಕಟ್ಟೆ’ ಒತ್ತಿ ಹುಡುಕಬೇಕು.

ಹಳತಾಯಿತು ಎನ್ನುವವರು ದಿನವಿಡೀ ಕಚೇರಿಯಲ್ಲಿ ಅದನ್ನೇ ನೋಡಿ ಬೇಸತ್ತವರು. ತೋಟದಿಂದ ಬಂದು ಕೈಯೊರೆಸಿಕೊಂಡು ಅರೆನಿಮಿಷ ಇಣುಕುವವನಿಗೆ ಬೇಸರಪಡಲು ಪುರುಸೊತ್ತೆಲ್ಲಿ? ಮಳೆಗಾಲದಲ್ಲಂತೂ ಸಿಗ್ನಲ್ ಅಂಗಳದ ಒಂದು ಮೂಲೆಗೆ ಮಾತ್ರ ಬರುತ್ತದೆ. ಕೊಡೆ ಹಿಡಿದು ನಿಂತವನ ಮೊಬೈಲಿಗೆ ಆ ಕೋಷ್ಟಕ ಥಟ್ಟನೆ ಇಳಿಯುತ್ತದೆ. ಗೋಧಿಯ ರೈತ ಇಳಿಯುವಷ್ಟರಲ್ಲಿ ಕೊಡೆಯೂ ಸೋರತೊಡಗುತ್ತದೆ.

1995ರಲ್ಲಿ ಅಮೆರಿಕದಲ್ಲಿ ಶುರುವಾದ ಕಿರುಜಾಹೀರಾತುಗಳ ತಾಣ ಕ್ರೇಗ್ಸ್‌ಲಿಸ್ಟ್ ಇಂದಿಗೂ ಹೆಚ್ಚುಕಡಿಮೆ ನೀಲಿ ಲಿಂಕುಗಳ ಪಟ್ಟಿಯೇ. ಬಳಕೆದಾರರೇ ಸುದ್ದಿಯ ಲಿಂಕು ಹಂಚಿಕೊಳ್ಳುವ ಡಿಗ್ ಎಂಬ ತಾಣ 2010ರಲ್ಲಿ ಒಮ್ಮೆಲೇ ರೂಪ, ರೀತಿ ಎರಡನ್ನೂ ಬದಲಿಸಿತು. ಬಳಕೆದಾರರು ಮುನಿದು ಗುಂಪುಗುಂಪಾಗಿ ಅಂಥದೇ ಇನ್ನೊಂದು ತಾಣವಾದ ರೆಡಿಟ್ ಕಡೆ ನಡೆದರು. ವಿಕಿಪೀಡಿಯ ಜಾಣತನ ಮಾಡಿತು: 2023ರಲ್ಲಿ ಇಂಗ್ಲಿಷ್ ಆವೃತ್ತಿಗೆ ಹೊಸ ರೂಪ ಕೊಟ್ಟರೂ, ಖಾತೆಯುಳ್ಳವರು ಬೇಕಿದ್ದರೆ ಹಳೆಯದರಲ್ಲೇ ಇರಲಿ ಎಂದು ಬಿಟ್ಟಿತು.

ಅಂದವೆಂದರೆ ನನಗೇನೂ ಅಲರ್ಜಿಯಿಲ್ಲ. ಆದರೆ ಹೊಸ ಮನೆಗೆ ಹೋಗುವ ಸಂಭ್ರಮದಲ್ಲಿ ಇವರು ಪುಟಗಳ ವಿಳಾಸವನ್ನೂ ಬದಲಿಸುತ್ತಾರೆ. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಹಾಗೆ ಮಾಡಬೇಡಿರೆಂದು 1998ರಲ್ಲೇ ಬರೆದಿದ್ದರು. ಇಲ್ಲಿ ಹಿರಿಯರ ಮೊಬೈಲಿನಲ್ಲಿ ದರದ ಪುಟವನ್ನು ಮೊಮ್ಮಕ್ಕಳು ಉಳಿಸಿಕೊಟ್ಟು ಬೆಂಗಳೂರಿಗೆ ಹೋಗಿದ್ದಾರೆ. ಆ ವಿಳಾಸ ಸತ್ತರೆ ಮತ್ತೆ ಹಾಕಿಕೊಡಲು ದೀಪಾವಳಿ ಬರಬೇಕು.

ಹಳೆಯ ಪುಟದಲ್ಲಿ ಕುಂದುಗಳಿಲ್ಲವೆಂದಲ್ಲ. ಮೊಬೈಲಿನಲ್ಲಿ ಅಕ್ಷರ ಇರುವೆಯಷ್ಟಾಗುತ್ತದೆ. ದರ ಯಾವ ದಿನಾಂಕದ್ದೆಂಬುದು ಪುಟದ ತಳದಲ್ಲೆಲ್ಲೋ ಅಡಗಿದೆ. ರಜೆಯ ದಿನ ಹಿಂದಿನ ದರವನ್ನೇ ಇಂದಿನದೆಂದು ತಿಳಿದು ಜೀಪಿಗೆ ಚೀಲ ಹೇರಿದವರಿದ್ದಾರೆ. ಅಕ್ಷರ ದೊಡ್ಡದಾಗಲಿ, ದಿನಾಂಕ ಮೇಲೆ ಬರಲಿ, ಆ ಮಿನುಗುವ ‘ಹೊಸತು’ ತೊಲಗಲಿ. ಬಲ್ಲ ಹುಡುಗನೊಬ್ಬನಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಮಂಡಳಿಯ ಠರಾವೇನೂ ಬೇಕಾಗಿಲ್ಲ.