ತೊಳೆದ ಮೇಲೆ ಒರೆಸಿ ಸ್ವಾಮಿ!

ಭಾನುವಾರ ಮಧ್ಯಾಹ್ನ ಕೆ.ಎಂ. ರಸ್ತೆ ಬದಿಯ ಒಂದು ವಾಟರ್ ಸರ್ವಿಸ್‌ನಲ್ಲಿ ಕಂಡದ್ದನ್ನು ಬರೆದು ಹಾಕದಿದ್ದರೆ ನನಗೆ ಸಮಾಧಾನವಿಲ್ಲ. ಅಂಗಡಿ ಹೆಸರು ಬೇಡ. ಚಿಕ್ಕಮಗಳೂರಲ್ಲಿ ಯಾವ ಕಡೆ ಹೋದರೂ ಇದೇ ಕಥೆ.

ಹೊಸ ಕಪ್ಪು ಕಾರು. ನೆತ್ತಿ ಸುಡುವ ಬಿಸಿಲು. ಹುಡುಗ ನೊರೆ ಹಾಕಿ ಚೆನ್ನಾಗಿಯೇ ತೊಳೆದ, ಬೋರ್‌ವೆಲ್ ನೀರು ಹೊಡೆದ. ಆಮೇಲೆ ಕಾರನ್ನು ಹೊರಗೆ ಬಿಸಿಲಿಗೆ ತಂದು ನಿಲ್ಲಿಸಿ, "ಐದೇ ನಿಮಿಷ ಸಾರ್, ತಾನೇ ಒಣಗುತ್ತೆ" ಅಂದವನೇ ಮುಂದಿನ ಗಾಡಿಗೆ ಹೋದ.

ಒಣಗಿತು. ಬಾನೆಟ್ ತುಂಬ ಬಿಳಿ ಬಿಳಿ ಉಂಗುರಗಳು. ಕಾರಿನ ಓನರ್ ಬೆರಳಲ್ಲಿ ಉಜ್ಜಿದರು, ಹೋಗಲಿಲ್ಲ. ಎಂಜಲು ಹಚ್ಚಿ ಉಜ್ಜಿದರು, ಆಗಲೂ ಹೋಗಲಿಲ್ಲ. ಉಗುರಲ್ಲಿ ಕೆರೆಯುವಷ್ಟರಲ್ಲಿ ಅಂಗಡಿಯವರು ಒಳಗಿಂದ ಬಂದು ಹೇಳಿದ ಮಾತು ಕೇಳಿ: "ಇದು ಹಂಗೆಲ್ಲ ಹೋಗಲ್ಲ ಸಾರ್. ಸೆರಾಮಿಕ್ ಕೋಟಿಂಗ್ ಮಾಡಿಸಿಬಿಡಿ, ಆಮೇಲೆ ಕಲೆ ಅನ್ನೋದೇ ಇರಲ್ಲ."

ಸೆರಾಮಿಕ್ ಕೋಟಿಂಗ್ ಅಂದರೆ ಕಾರಿನ ಬಣ್ಣದ ಮೇಲೆ ಬಳಿಯುವ ತೆಳು ರಕ್ಷಣೆಯ ಪದರ. ಕಲೆ ಮಾಡುವವರೂ ಅವರೇ, ಮದ್ದು ಮಾರುವವರೂ ಅವರೇ!

ನಾನು ಹೋಗಿದ್ದು ಪಕ್ಕದಲ್ಲಿ ಪಂಕ್ಚರ್ ಹಾಕಿಸಲು. ಸುಮ್ನೆ ಇರಬಹುದಿತ್ತು. ಆದರೆ ನನ್ನ ಬಾಯಿ ನಿಮಗೆ ಗೊತ್ತಲ್ಲ. ಪಿಯುಸಿ ಹುಡುಗರಿಗೆ ಕೆಮಿಸ್ಟ್ರಿ ಹೇಳಿಕೊಟ್ಟ ಚಟ ರಿಟೈರ್ ಆದರೂ ಹೋಗಿಲ್ಲ. "ಒಂದು ಬಟ್ಟೆಯಲ್ಲಿ ಒರೆಸಿದ್ದರೆ ಮುಗೀತಿತ್ತಲ್ಲಪ್ಪಾ" ಅಂದೆ. ಮೂರು ಜನವೂ ನನ್ನನ್ನೇ ನೋಡಿದರು. ಟ್ಯೂಬ್ ತಗೊಂಡು ಬಂದೆ.

ಆ ಬಿಳಿ ಕಲೆಯಲ್ಲಿ ಮಾಯ ಮಂತ್ರ ಏನೂ ಇಲ್ಲ. ನೆಲದೊಳಗಿನ ನೀರು ಕಲ್ಲು ಮಣ್ಣಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುತ್ತದೆ. ಅದೇ ಗಡಸು ನೀರು. ಬೇಳೆ ಬೇಯದ, ಸೋಪು ನೊರೆ ಬಾರದ, ಗೀಸರ್ ಕಾಯಿಲ್ ಮೇಲೆ ಚಕ್ಕೆ ಕಟ್ಟುವ ನೀರು. ಬಿಸಿಲಿಗೆ ನೀರು ಆವಿಯಾಗುತ್ತದೆ, ಕ್ಯಾಲ್ಸಿಯಂ ಎಲ್ಲಿಗೆ ಹೋಗಬೇಕು? ಬಾನೆಟ್ ಮೇಲೇ ಕೂರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಪರವಾಗಿಲ್ಲ ಎನ್ನುತ್ತದೆ ದೇಶದ ಗುಣಮಟ್ಟ ನಿಗದಿ ಮಾಡುವ ಸಂಸ್ಥೆ ಬಿಐಎಸ್. ಅಂದರೆ ಧೈರ್ಯವಾಗಿ ಕುಡಿಯುವ ನೀರೂ ಕಪ್ಪು ಕಾರಿನ ಮೇಲೆ ರಂಗೋಲಿ ಬಿಡಿಸುತ್ತದೆ.

ಉಂಗುರವೇ ಯಾಕೆ ಬೀಳುತ್ತದೆ ಅಂತ ಕಾಫಿ ಊರಿನವರಿಗೆ ಹೇಳಬೇಕಾ? ಮೇಜಿನ ಮೇಲೆ ಚೆಲ್ಲಿದ ಕಾಫಿ ಹನಿ ಒಣಗಿದಾಗ ಅಂಚು ಮಾತ್ರ ಕಡುಗಪ್ಪಾಗಿರುತ್ತದೆ, ನಡುವೆ ಖಾಲಿ. ಹನಿಯ ಅಂಚು ಬೇಗ ಒಣಗುತ್ತದೆ, ಆ ಜಾಗ ತುಂಬಲು ನಡುವಿನ ನೀರು ಹೊರಗೆ ಹರಿಯುತ್ತದೆ, ಹೋಗುವಾಗ ಇದ್ದಬದ್ದದ್ದನ್ನೆಲ್ಲ ಅಂಚಿಗೆ ಸಾಗಿಸುತ್ತದೆ. 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ಇದನ್ನು 'ನೇಚರ್' ಪತ್ರಿಕೆಯಲ್ಲಿ ಬಿಡಿಸಿ ಹೇಳಿದರು. ನಾವು ಅಷ್ಟು ಕಾಲದಿಂದ ಲೋಟದ ಕೆಳಗಿನ ಕಲೆ ಒರೆಸುತ್ತಲೇ ಇದ್ದೆವು, ಒಬ್ಬರಿಗೂ ಹೊಳೆಯಲಿಲ್ಲ!

ಸರಿ, ಕಲೆ ಬಿತ್ತು. ಏನು ಮಾಡುವುದು? ಅಡುಗೆಮನೆಯ ಬಿಳಿ ವಿನೆಗರ್ ಸಾಕು. ಅಷ್ಟೇ ನೀರು ಬೆರೆಸಿ, ಕಾರು ನೆರಳಲ್ಲಿ ತಣ್ಣಗಿದ್ದಾಗ ಬಟ್ಟೆ ನೆನೆಸಿ ಕಲೆಯ ಮೇಲೆ ಒಂದೆರಡು ನಿಮಿಷ ಹಾಸಿ. ಉಜ್ಜಬೇಡಿ, ಆಸಿಡ್ ತನ್ನ ಕೆಲಸ ತಾನು ಮಾಡುತ್ತದೆ. ನಂಬಿಕೆ ಇಲ್ಲದಿದ್ದರೆ ಗೀಸರ್ ಚಕ್ಕೆ ಒಂದನ್ನು ವಿನೆಗರ್‌ಗೆ ಹಾಕಿ ನೋಡಿ, ಗುಳು ಗುಳು ಅಂತ ಗುಳ್ಳೆ ಏಳುತ್ತದೆ. ಆಮೇಲೆ ನೀರು ಹಾಕಿ ತೊಳೆದು, ದಯವಿಟ್ಟು, ಒರೆಸಿ. ವಿನೆಗರ್ ಹಚ್ಚಿದ ಕಡೆ ವ್ಯಾಕ್ಸ್ ಹೋಗಿರಬಹುದು, ಮತ್ತೆ ಹಚ್ಚಿಬಿಡಿ. ಬಾತ್‌ರೂಮ್ ಟೈಲ್ಸಿನ ಆಸಿಡ್ ಮಾತ್ರ ತರಬೇಡಿ. ಅದು ಕ್ರೋಮನ್ನೇ ತಿನ್ನುತ್ತದೆ. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಹಿಡಿದು ಬರುವವರಿಗೆ ನಾನು ಹೇಳುವುದು ಏನೂ ಇಲ್ಲ.

ವಿನೆಗರ್‌ಗೂ ಹೋಗದ ಕಲೆ ಇರುತ್ತದೆ. ಬಹಳ ದಿನ ಬಿಸಿಲಲ್ಲಿ ಹಾಗೇ ಬಿಟ್ಟರೆ ಅದು ಬಣ್ಣದ ಮೇಲಿನ ಕ್ಲಿಯರ್ ಕೋಟನ್ನೇ ಕೊರೆದಿರುತ್ತದೆ. ಆಗ ಪಾಲಿಶ್ ಹೊಡೆಸಬೇಕು. ಪಾಲಿಶ್ ಅಂದರೆ ಆ ಪದರವನ್ನೇ ಒಂದಿಷ್ಟು ಸವೆಸುವುದು. ಅದು ಇರುವುದೇ ಸುಮಾರು 40-50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಹಾಗಾಗಿ ಪ್ರತಿ ಹಬ್ಬಕ್ಕೂ ಪಾಲಿಶ್ ಹೊಡೆಸುವವರೇ, ಸ್ವಲ್ಪ ನಿಧಾನ.

ಇನ್ನು ಕೋಟಿಂಗ್. ಅದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕೊಳೆ ಅಂಟುವುದು ಕಡಿಮೆ, ತೊಳೆಯುವುದು ಸಲೀಸು. ಆದರೆ ಕೋಟಿಂಗ್ ಮೇಲೆ ನೀರು ಮುತ್ತಿನ ಹಾಗೆ ಉಂಡುಂಡೆಯಾಗಿ ನಿಲ್ಲುತ್ತದೆ. ಆ ಮುತ್ತು ಅಲ್ಲೇ ಒಣಗಿದರೆ ಅಲ್ಲೂ ಉಂಗುರವೇ. ಇರುವ ಕಲೆ ತೆಗೆಯದೆ ಮೇಲೆ ಕೋಟಿಂಗ್ ಬಳಿದರಂತೂ ಕಲೆಗೆ ಫ್ರೇಮ್ ಹಾಕಿಸಿದ ಹಾಗೆ. ಸಾವಿರಾರು ರೂಪಾಯಿ ಸುರಿದ ಮೇಲೂ ಒರೆಸುವುದು ತಪ್ಪಲ್ಲ, ಅಲ್ವಾ?

"ಭಾನುವಾರ ಸಾಲುಗಟ್ಟಿ ಕಾರು ನಿಂತಿರುತ್ತವೆ, ಆ ಹುಡುಗರು ಎಷ್ಟು ಅಂತ ಒರೆಸ್ತಾರೆ?" ಅಂತ ನಮ್ಮ ಮನೆಯವಳು ಕೇಳಿದಳು. ನ್ಯಾಯವೇ. ಮುಳ್ಳಯ್ಯನಗಿರಿ ಹತ್ತಿ ಇಳಿದ ಅಷ್ಟೂ ಗಾಡಿಗಳ ಕೆಸರು ಅವರ ತಲೆಗೇ ಬರುತ್ತದೆ. ಆದರೆ ಡ್ಯಾಶ್‌ಬೋರ್ಡಿಗೆ ಜಿಡ್ಡು ಪಾಲಿಶ್ ಬಳಿಯಲು, ಟೈರಿಗೆ ಕಪ್ಪು ಹಚ್ಚಲು, ಒಳಗೆ ತಲೆನೋವು ಬರುವಂಥ ಸೆಂಟ್ ಹೊಡೆಯಲು ಟೈಮ್ ಇದೆ. ಒರೆಸಲು ಮಾತ್ರ ಇಲ್ಲ! ಶುದ್ಧ ಮೈಕ್ರೋಫೈಬರ್ ಬಟ್ಟೆಯನ್ನು ಬಾನೆಟ್ ಮೇಲೆ ಅಗಲಕ್ಕೆ ಹಾಸಿ ಎರಡು ತುದಿ ಹಿಡಿದು ನಿಧಾನ ಎಳೆದರೆ ನೀರೆಲ್ಲ ಅದೇ ಕುಡಿಯುತ್ತದೆ. ಎಷ್ಟು ಹೊತ್ತಿನ ಕೆಲಸ ಅದು? ನೆರಳು ನೋಡಿ ನಿಲ್ಲಿಸುವುದಕ್ಕೂ ದುಡ್ಡು ಕೊಡಬೇಕಾ?

ನಿಜ ಹೇಳಬೇಕೆಂದರೆ ನನಗೆ ಒರೆಸುವ ಕೆಲಸ ಇಷ್ಟ. ಮನೆಗೆ ನೆಂಟರು ಜಾಸ್ತಿ ಬಂದಾಗ ಬಟ್ಟೆ ಹಿಡಿದು ಹೊರಗೆ ಹೋಗಿಬಿಡುತ್ತೇನೆ. ಈ ಗುಟ್ಟು ಮನೆಯಲ್ಲಿ ಹೇಳಬೇಡಿ.

ನಾವಿರುವುದು ಮಲೆನಾಡಿನ ಬಾಗಿಲಲ್ಲಿ. ಸೂರಿನಿಂದ ಸುರಿಯುವ ಮಳೆನೀರಿನಲ್ಲಿ ಗಡಸು ಅನ್ನುವುದೇ ಇಲ್ಲದಷ್ಟು ಕಡಿಮೆ. ಮೊದಲ ಮಳೆಯ ಕೊಳೆ ಹೋದ ಮೇಲೆ ಒಂದು ಡ್ರಮ್ ಹಿಡಿದಿಟ್ಟರೆ ಕೊನೆಯ ಸಲ ಜಾಲಿಸಲು ಅದಕ್ಕಿಂತ ಒಳ್ಳೆಯ ನೀರು ಬೇಕಾ? ಎಸಿಯಿಂದ ತೊಟ್ಟಿಕ್ಕುವ ನೀರೂ ನಡೆಯುತ್ತದೆ. ಕಡೂರಿನ ನಮ್ಮ ಭಾವನವರು ಇದನ್ನೆಲ್ಲ ಫೋನಲ್ಲಿ ಕೇಳಿಸಿಕೊಂಡು, "ಹಂಗಾದ್ರೆ ಆರ್‌ಒ ಮೆಷಿನ್‌ನಿಂದ ಹೊರಗೆ ಹೋಗೋ ನೀರಲ್ಲಿ ತೊಳೀತೀನಿ ಬಿಡು, ಸುಮ್ನೆ ವೇಸ್ಟ್ ಆಗ್ತಿದೆ" ಅಂದರು. ಭಾವ, ಬೇಡ. ಒಳಗಿನ ಉಪ್ಪೆಲ್ಲ ಸೇರಿ ಹೊರಗೆ ಬರುವುದೇ ಆ ಪೈಪಿನಲ್ಲಿ. ಅದು ನಿಮ್ಮ ಬೋರ್ ನೀರಿಗಿಂತ ಗಡಸು. ನೆಲ ಒರೆಸಿ, ಟಾಯ್ಲೆಟ್‌ಗೆ ಹಾಕಿ. ಕಾರಿನ ಹತ್ತಿರ ಮಾತ್ರ ತರಬೇಡಿ.